ಸರಿ ತೂಗಿದ ಒಂದು ಬಕೆಟ್

ಮೂವತ್ತೊಂಬತ್ತು ಮುಚ್ಚಳಗಳ ಮೇಲೆ ಕೆಂಪು ಸೀಮೆಸುಣ್ಣದ ಅಡ್ಡಗೆರೆ ಎಳೆದು ಮುಗಿಸಿದ ಲಾರ್ಬಿ ನಲವತ್ತನೆಯ ಬಕೆಟ್ಟಿನ ಮುಂದೆ ನಿಂತ. ಅದರ ಮೇಲೆ ಮಾತ್ರ ಬಿಳಿ ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಿ, ಮುಚ್ಚಳವನ್ನು ಮೆಲ್ಲಗೆ ತಟ್ಟಿದ. ಬೆಳಗಿನಿಂದ ಆತ ಯಾವ ಮನುಷ್ಯರಿಗೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

“ನಲವತ್ತರಲ್ಲಿ ಪ್ರಾಮಾಣಿಕವಾದದ್ದು ಇದೊಂದೇ ನೋಡಿ,” ಅಂದ. “ಮಿಕ್ಕಿದ್ದರಲ್ಲೆಲ್ಲ ಎರಡೆರಡು ಕಿಲೋ ಚಿಲ್ಲರೆ ಹೊಡೆದಿದ್ದಾರೆ. ಒಟ್ಟು ಎಂಬತ್ತಾರು ಕಿಲೋ ಬೆಣ್ಣೆ. ಉಗ್ರಾಣದ ಬೀಗದ ಕೈ ಇದ್ದದ್ದು ಒಬ್ಬಳ ಹತ್ರ. ಇನ್ನೂ ನಾನು ಬಾಯಿಬಿಟ್ಟು ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಆ ಒಬ್ಬಳು, ಶಿಯಾ ಮರದ ಬೀಜದಿಂದ ಬೆಣ್ಣೆ ತೆಗೆಯುವ ನಮ್ಮ ತಾಂಗಾಯಿಲಿ ಊರಿನ ಹೆಂಗಸರ ಸಂಘದ ಉಗ್ರಾಣ ನೋಡಿಕೊಳ್ಳುವ ಲಾಮಿಸಿ, ಪೊಲೀಸ್ ಜೀಪಿನ ಹಿಂದಿನ ಚಕ್ರಕ್ಕೆ ಒರಗಿ ಸುಡುವ ನೆಲದ ಮೇಲೆ ಕೂತಿದ್ದಳು. ತಲೆಯ ವಸ್ತ್ರ ಜಾರಿ ಹೆಗಲಿಗೆ ಬಿದ್ದಿತ್ತು, ಅದನ್ನು ಎತ್ತಿ ಹೊದ್ದುಕೊಳ್ಳುವ ಮನಸ್ಸೂ ಅವಳಿಗೆ ಇದ್ದಂತೆ ಕಾಣಲಿಲ್ಲ. ಕಳೆದ ಶುಕ್ರವಾರ ಬಕೆಟ್ಟುಗಳಿಗೆ ಬಟ್ಟೆಯ ಚೀಟಿ ಹೊಲಿಯಲೆಂದು ಕಂಪನಿ ಕಳಿಸಿದ್ದ ಹಸಿರು ನೈಲಾನ್ ದಾರದ ರೀಲನ್ನೂ ಲಾರ್ಬಿ ಅವಳ ಕೈಯಿಂದ ಕಸಿದುಕೊಂಡು ಜೇಬಿಗೆ ಹಾಕಿಕೊಂಡಿದ್ದ. ಅಂಥ ದಾರ ಈ ಸೀಮೆಯಲ್ಲೇ ಸಿಗುವುದಿಲ್ಲವಂತೆ. ಕಳ್ಳರ ಕೈಗೆ ಅದನ್ನು ಬಿಡುವುದು ಬೇಡವಂತೆ.

ಹನ್ನೊಂದು ದಿನಗಳ ಹಿಂದೆ ಅವಳ ಗಂಡ, ಸಂಘದ ತೂಕದವ ಅಬುಕಾರಿ, ತೂಕದ ಪೆಟ್ಟಿಗೆಯನ್ನು ಬಿಟ್ಟು ಊರಿಂದ ಮಾಯವಾಗಿದ್ದ. ಇವತ್ತು ಬೆಣ್ಣೆಯ ತೂಕ ಕಡಿಮೆ ಬಂತು. ಊರು ಎರಡನ್ನೂ ಕೂಡಿಸಿ ತೀರ್ಪು ಕೊಟ್ಟಾಗಿತ್ತು: ಗಂಡ ಹೆಂಡತಿ ಸೇರಿ ಕದ್ದರು, ಗಂಡ ಓಡಿದ, ಹೆಂಡತಿ ಸಿಕ್ಕಿಬಿದ್ದಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬೆಣ್ಣೆಯ ಲಾರಿ ಒಂದು ಕಡೆಗೆ, ಲಾಮಿಸಿಯ ಜೀಪು ಟಮಾಲೆಯ ಕೋರ್ಟಿನ ಕಡೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಒಮ್ಮೆ ಕಳ್ಳಿ ಎಂಬ ಹೆಸರು ಹೊತ್ತು ಆ ರಸ್ತೆ ಇಳಿದರೆ, ಕೋರ್ಟು ಬಿಟ್ಟರೂ ಊರು ಬಿಡುವುದಿಲ್ಲ.

ನನಗೆ ಹೆಚ್ಚು ಮೈ ಉರಿದದ್ದು ಲಾರ್ಬಿಯನ್ನು ನೋಡಿ ಅಲ್ಲ. ಅವನು ಕರಾವಳಿಯವನು, ಕಂಪನಿಯ ಏಜೆಂಟ್, ನಮ್ಮ ಭಾಷೆಯನ್ನು ಬೈಯಲು ಬೇಕಾದಷ್ಟು ಮಾತ್ರ ಕಲಿತವನು. ಆದರೆ ಈ ಹೆಂಗಸರು? ಇಪ್ಪತ್ತು ವರ್ಷ ಲಾಮಿಸಿಯ ಜೊತೆ ಒಂದೇ ಬೋಗುಣಿಗೆ ಕೈ ಹಾಕಿ ಬೆಣ್ಣೆ ಕಡೆದವರು, ತಮ್ಮ ತಮ್ಮ ಮಣೆಗಳನ್ನು ಎಳೆದುಕೊಂಡು ಮರದ ಆಚೆ ನೆರಳಿಗೆ ಹೋಗಿ ಕೂತಿದ್ದರು. ಒಬ್ಬಳಂತೂ ಲಾಮಿಸಿಯ ಪಕ್ಕದಲ್ಲಿದ್ದ ತನ್ನ ಸೋರೆಬುರುಡೆಯನ್ನೂ ವಾಪಸು ತೆಗೆದುಕೊಂಡು ಹೋದಳು. ನೀರು ಕುಡಿಯಲು ಅವಳ ಹತ್ತಿರ ಇದ್ದದ್ದು ಅದೊಂದೇ.

ನಾನು ಮೂವತ್ತೊಂದು ವರ್ಷ ಸಂತೆ ಸಂತೆ ಅಲೆದು ತಕ್ಕಡಿ ಪರೀಕ್ಷಿಸಿದವಳು. ಹೆಸರು ತಿಯುಂಬಾ. ಮೆಕ್ಕಾಗೆ ಹೋಗಿಬಂದ ಮೇಲೆ ಜನ ಹಾಜಿಯಾ ಅನ್ನುತ್ತಾರೆ, ಬೆನ್ನ ಹಿಂದೆ ತಕ್ಕಡಿ ಹಾಜಿಯಾ ಅನ್ನುತ್ತಾರೆ. ಅಬುಕಾರಿ ಆರು ವರ್ಷ ನನ್ನ ಕೈಕೆಳಗೆ ಕೆಲಸ ಕಲಿತವನು. ಲಾಮಿಸಿಯನ್ನು ಅವನಿಗೆ ಕೇಳಿ ಮದುವೆ ಮಾಡಿಸಿದವಳೂ ನಾನೇ. ಗಂಡ ಹೋದ ದಿನದಿಂದ ಅವನ ನೆರಳನ್ನೂ ಕಂಡಿಲ್ಲವೆಂದು ಅವಳು ಮೊನ್ನೆ ತಾನೇ ನನ್ನ ಮುಂದೆ ಕುರಾನ್ ಮುಟ್ಟಿ ಹೇಳಿದ್ದಳು. ನಾನು ನಂಬಿದ್ದೆ.

ಮೊದಲು ಪೇದೆ ಸುಗ್ರಿಯ ಹತ್ತಿರ ಹೋದೆ. ಅವನ ಅಜ್ಜಿ ನನ್ನ ಗೆಳತಿ. ಮೊಮ್ಮಗನ ವಯಸ್ಸಿನವನನ್ನು ಗಂಡ ಎಂದು ಕಾಡುವ ಹಕ್ಕು ನಮ್ಮಲ್ಲಿ ಅಜ್ಜಿಯರಿಗೆಲ್ಲ ಇದೆ, ಸಮವಸ್ತ್ರ ಹಾಕಿದ್ದರೂ ಸರಿ.

“ಏನ್ರೀ ಯಜಮಾನ್ರೇ,” ಅಂದೆ, “ನಾಳೆ ನನ್ನನ್ನೂ ಹೀಗೇ ಬಿಸಿಲಿಗೆ ಒಣಗಿ ಹಾಕ್ತೀರಾ?”

ಸುಗ್ರಿ ನೆಲ ನೋಡಿದ. ಲಾರಿ ಹೊರಡುವವರೆಗೆ ನನಗೆ ಸಮಯ ಕೊಡುವುದಾಗಿ ಒಪ್ಪಿಕೊಂಡು, ಲಾಮಿಸಿಯನ್ನು ಜೀಪಿನ ನೆರಳಿಗೆ ಕರೆದು ಕೂರಿಸಿ ತನ್ನ ನೀರಿನ ಬಾಟಲಿ ಕೊಟ್ಟ. ಅಷ್ಟು ಮಾಡಲು ಅವನಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ ಎನ್ನುವುದು ಬೇರೆ ಮಾತು.

ನನ್ನ ಮೊದಲ ಅನುಮಾನ ಯಾವಾಗಲೂ ತಕ್ಕಡಿಯ ಮೇಲೆ. ಅಬುಕಾರಿಯ ಪೆಟ್ಟಿಗೆಯನ್ನು ನಾನೇ ಮನೆಯಲ್ಲಿ ಇಟ್ಟುಕೊಂಡಿದ್ದೆ, ತರಿಸಿದೆ. ಮರದ ಹಲಗೆಯಲ್ಲಿ ತೂಕದ ಒಂದೊಂದು ಕಬ್ಬಿಣದ ಬಟ್ಟಿಗೂ ಒಂದೊಂದು ಗುಳಿ. ಐದು ಕಿಲೋದ್ದಿತ್ತು, ಒಂದು ಕಿಲೋದ್ದಿತ್ತು, ಚಿಕ್ಕವೆಲ್ಲ ಇದ್ದವು. ಎರಡು ಕಿಲೋದ ಗುಳಿ ಮತ್ತು ಅರ್ಧ ಕಿಲೋದ ಗುಳಿ ಮಾತ್ರ ಅವನು ಹೋದ ದಿನದಿಂದ ಖಾಲಿ. ಐದು ಕಿಲೋದ್ದನ್ನು ಲಾರ್ಬಿಯ ಹೊಸ ಯಂತ್ರದ ಮೇಲಿಟ್ಟೆ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಐದು ತೋರಿಸಿತು.

ಲಾರ್ಬಿ ಹಲ್ಲು ಕಿರಿದ. ಯಂತ್ರ ಹೊರದೇಶದ್ದೆಂದೂ, ಅಜ್ಜಿಯಂದಿರ ಪರೀಕ್ಷೆ ಅದಕ್ಕೆ ಬೇಕಿಲ್ಲವೆಂದೂ ಹೇಳಿದ.

“ಯಂತ್ರ ಸರಿಯಾಗಿದೆ ಮಗಾ,” ಅಂದೆ. “ಬಕೆಟ್ಟಿಗೆ ಇಷ್ಟು ತೂಗ್ಬೇಕು ಅಂತ ಯಾರು ಹೇಳಿದ್ದು ನಿನಗೆ?”

ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನ ಮುಖದ ಹತ್ತಿರ ಹಿಡಿದ. ಮೇಲೆ ಕಂಪನಿಯ ಮುದ್ರೆ, ಕೆಳಗೆ ಯಾರದೋ ದೊಡ್ಡ ಸಹಿ, ನಡುವೆ ಒಂದೇ ಸಾಲು. ಬಕೆಟ್ಟಿನ ಅಳತೆ ಇಪ್ಪತ್ತೈದು ಲೀಟರ್, ಆದ್ದರಿಂದ ಬಕೆಟ್ಟು ಕಳೆದು ಬೆಣ್ಣೆಯ ತೂಕ ಇಪ್ಪತ್ತೈದು ಕಿಲೋ.

ಎರಡು ಸಲ ಓದಿದೆ. ಆ ‘ಆದ್ದರಿಂದ’ ಎಂಬ ಪದವನ್ನು ನೋಡಿ ಪಿತ್ತ ನೆತ್ತಿಗೇರಿತು. ಫ್ಯಾನಿನ ಕೆಳಗೆ ಕೂತ ಯಾವನೋ ಒಬ್ಬ ಒಂದು ಪದ ಟೈಪು ಮಾಡಿದ. ಇಲ್ಲಿ ಒಬ್ಬ ಹೆಂಗಸು ಜೀಪಿನ ಚಕ್ರಕ್ಕೆ ಒರಗಿ ಕೂತಳು. ಅಳತೆಯನ್ನು ತೂಕ ಮಾಡುವಾಗ ನಡುವೆ ಒಂದು ವಸ್ತು ಇರುತ್ತದೆ, ಆ ವಸ್ತು ಯಾವುದು ಎಂದು ಕೇಳುವಷ್ಟು ವ್ಯವಧಾನವೂ ಅವನಿಗೆ ಇರಲಿಲ್ಲ.

ಗಂಜಿ ಮಾರುವವಳ ಹತ್ತಿರ ಲೀಟರಿನ ತಗಡಿನ ಡಬ್ಬ ಇತ್ತು, ಇಸಕೊಂಡೆ. ಖಾಲಿ ಡಬ್ಬ ತೂಗಿ ಬರೆದುಕೊಂಡೆ. ಕಂಠದವರೆಗೆ ನೀರು ತುಂಬಿ ಯಂತ್ರದ ಮೇಲಿಟ್ಟೆ. ಡಬ್ಬ ಕಳೆದರೆ ಸರಿಯಾಗಿ ಒಂದು ಕಿಲೋ. ನೀರು ಚೆಲ್ಲಿ, ಒರೆಸಿ ಒಣಗಿಸಿ, ಮರದ ಕೆಳಗಿನ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ತಿಪಾಗ್ಯಾಳನ್ನು ಕೂಗಿದೆ. ಕೆಂಪು ಗೆರೆ ಬಿದ್ದ ಬಕೆಟ್ಟಿನಿಂದ ಬೆಣ್ಣೆ ತೆಗೆದು, ಒಳಗೆ ಗಾಳಿಗೂ ಜಾಗ ಬಿಡದೆ ಡಬ್ಬಕ್ಕೆ ಒತ್ತಿ ತುಂಬಲು ಹೇಳಿದೆ. ಅವಳು ಒತ್ತಿದಳು, ಸೋರೆಬುರುಡೆಯ ಚೂರಿನಿಂದ ಬಾಯಿ ಸವರಿ ಸಮ ಮಾಡಿದಳು.

ಸುಗ್ರಿಯಿಂದ ಯಂತ್ರ ಓದಿಸಿದೆ. ಡಬ್ಬ ಕಳೆದು ಒಂಬೈನೂರ ಹನ್ನೆರಡು ಗ್ರಾಂ.

“ಇಪ್ಪತ್ತೈದರಿಂದ ಗುಣಿಸಿ ಯಜಮಾನ್ರೇ.”

ಸುಗ್ರಿ ಫೋನಿನಲ್ಲಿ ಒತ್ತಿದ. ಇಪ್ಪತ್ತೆರಡು ಕಿಲೋ ಎಂಟುನೂರು ಗ್ರಾಂ. ತಲೆಯೆತ್ತಿ ಬಕೆಟ್ಟುಗಳ ಸಾಲು ನೋಡಿದ. ಕೆಂಪು ಗೆರೆ ಬಿದ್ದ ಒಂದೊಂದರ ಚೀಟಿಯ ಮೇಲೂ ಲಾರ್ಬಿಯ ಕೈಬರಹದಲ್ಲೇ ಹೆಚ್ಚೂಕಡಿಮೆ ಅದೇ ಅಂಕಿ ಇತ್ತು.

“ಒಂದು ಗ್ರಾಂ ಕದ್ದಿಲ್ಲ,” ಅಂದೆ. “ಬಕೆಟ್ಟು ತುಂಬಾ ತುಂಬಿದ್ದಾರೆ. ತುಂಬಿದ ಬಕೆಟ್ಟು ಇಷ್ಟೇ ತೂಗೋದು. ನೀನು ನೀರು ಕೊಂಡ್ಕೊಳ್ಳೋಕೆ ಬಂದಿದ್ರೆ ನಿನ್ನ ಕಾಗದ ಸರಿ ಇತ್ತು ಲಾರ್ಬಿ.”

ಆತ ಏನೋ ಹೇಳಲು ಹೋದ. ನಾನು ಬಿಡಲಿಲ್ಲ, ಹೆಂಗಸರ ಕಡೆ ತಿರುಗಿದೆ. ನಿಜ ಹೇಳಬೇಕೆಂದರೆ ಬೆಳಗಿನಿಂದ ಕಾದಿಟ್ಟ ಸಿಟ್ಟೆಲ್ಲ ಅವರಿಗಾಗಿಯೇ ಇತ್ತು.

“ಹುಟ್ಟಿದಾಗಿನಿಂದ ಕಡೀತಿದ್ದೀರಲ್ಲ, ಬೋಗುಣಿಗೆ ನೀರು ಹಾಕಿ ಕಡೆದ ಮೇಲೆ ಬೆಣ್ಣೆ ಎಲ್ಲಿರತ್ತೆ? ತಳದಲ್ಲಾ?”

“ಮೇಲಿರತ್ತೆ,” ಕೊನೆಗೆ ತಿಪಾಗ್ಯಾ ಅಂದಳು, ದನಿ ಸಣ್ಣದಾಗಿತ್ತು. “ತೇಲ್ತಿರತ್ತೆ.”

“ತೇಲೋದು ಯಾಕೆ? ನೀರಿಗಿಂತ ಹಗುರ ಅಂತ ತಾನೇ? ದಿನಾ ಎರಡು ಕೈಯಲ್ಲಿ ಬಾಚ್ಕೊಳ್ಳೋರಿಗೆ ಅಷ್ಟು ಗೊತ್ತಿಲ್ವಾ? ಕಾಗದ ಒಂದು ಮಾತು ಹೇಳ್ತು ಅಂತ ನಿಮ್ಮ ಕೈ ಹೇಳಿದ್ದನ್ನ ಮರೆತುಬಿಟ್ರಾ? ಅವಳ ನೀರಿನ ಬುರುಡೇನೂ ಕಿತ್ಕೊಂಡ್ರಲ್ಲ.”

ಬುರುಡೆ ಕಿತ್ತುಕೊಂಡವಳು ಎದ್ದು ಬಂದು ಅದನ್ನು ತುಂಬಿಸಿ ಲಾಮಿಸಿಯ ಮುಂದಿಟ್ಟಳು. ಲಾಮಿಸಿ ಅದನ್ನು ಮುಟ್ಟಲಿಲ್ಲ. ನಾನಾಗಿದ್ದರೆ ನಾನೂ ಮುಟ್ಟುತ್ತಿರಲಿಲ್ಲ.

ಸುಗ್ರಿ ಬಂದು, ಕಳ್ಳತನವೇ ಆಗಿಲ್ಲದ ಮೇಲೆ ಯಾರನ್ನೂ ಕರೆದೊಯ್ಯುವುದಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮರದ ಕೆಳಗಿದ್ದ ಮಣೆಗಳೆಲ್ಲ ಒಂದೊಂದಾಗಿ ಜೀಪಿನ ಕಡೆಗೆ ಸರಿಯತೊಡಗಿದವು.

ಲಾರ್ಬಿಯ ಮುಖ ಕಪ್ಪಿಟ್ಟಿತು. ಕ್ಷಮೆ ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ಕಾಗದವನ್ನು ಮೇಲಿನವರಿಗೆ ತೋರಿಸುತ್ತೇನೆ ಎಂದು ಗೊಣಗಿ ಲಾರಿಯವರನ್ನು ಕೂಗಿದ.

“ಮೊದ್ಲು ಬಿಳಿ ಗುರುತಿನದನ್ನ ಹತ್ತಿಸ್ರೋ. ಅದು ಮಾದರಿ ಬಕೆಟ್ಟು, ನನ್ನ ಕಾಲ ಹತ್ರ ಇರ್ಲಿ.”

“ಅದು ಒಂದನ್ನ ಬಿಟ್ಟು ಎಲ್ಲಾ ಹತ್ತಿಸು,” ಅಂದೆ.

“ಅದೇ ಸರಿಯಾಗಿರೋದು ಮೇಡಂ.”

“ಅದಕ್ಕೇ.”

ಅವನಿಗೆ ಅರ್ಥವಾಗಲಿಲ್ಲ. ಅಲ್ಲಿದ್ದ ಯಾರಿಗೂ ಆಗಲಿಲ್ಲ. ನನ್ನ ಕೈಕೆಳಗಿನವರಿಗೆಲ್ಲ ಮೊದಲ ದಿನವೇ ಒಂದು ಪಾಠ ಹೇಳುತ್ತಿದ್ದೆ: ತಪ್ಪಿದ ತೂಕವನ್ನು ಒಂದು ಸಲ ನೋಡಿ, ಸರಿ ಬಂದ ತೂಕವನ್ನು ಎರಡು ಸಲ ನೋಡಿ. ತುಂಬಿದ ಬೆಣ್ಣೆಯ ಬಕೆಟ್ಟು ಇಪ್ಪತ್ತೆರಡು ಕಿಲೋ ಎಂಟುನೂರಕ್ಕಿಂತ ಹೆಚ್ಚು ತೂಗಲು ಸಾಧ್ಯವೇ ಇಲ್ಲವೆಂದು ಈಗಷ್ಟೇ ಎಲ್ಲರೂ ನೋಡಿದ್ದರು. ಹಾಗಾದರೆ ಈ ಒಂದು ಇಪ್ಪತ್ತೈದು ತೂಗಿದ್ದು ಹೇಗೆ? ಕೇಳಿದೆ. ಲಾರ್ಬಿಯ ಕೈ ಮುಚ್ಚಳದ ಮೇಲಿಂದ ಇಳಿಯಿತು.

ಅವನು ಅಡ್ಡ ನಿಂತ. ತೂಕ ಆಗಿ ಗುರುತು ಬಿದ್ದ ಸರಕು ಕಂಪನಿಯದು, ತೆರೆಯಲು ಯಾರಿಗೂ ಅಧಿಕಾರವಿಲ್ಲ ಅಂದ. ಬೆಳಿಗ್ಗೆ ಮೂವತ್ತೊಂಬತ್ತನ್ನು ಯಾರ ಅಧಿಕಾರದಲ್ಲಿ ತೆರೆದೆ ಎಂದು ಕೇಳಿದೆ. ಅವು ಅನುಮಾನದವು ಅಂದ. ನನಗೆ ಇದರ ಮೇಲೆ ಅನುಮಾನ ಅಂದೆ. ಹೀಗೇ ಮಾತಿಗೆ ಮಾತು ಬೆಳೆದು, ಕೊನೆಗೆ ಸುಗ್ರಿ ನಡುವೆ ಬಂದು ತಾನೇ ಮುಚ್ಚಳ ಕಿತ್ತ.

ತಿಪಾಗ್ಯಾ ಬಗ್ಗಿ ನೋಡಿ ಮೂಗು ಮುರಿದಳು.

ಮಿಕ್ಕ ಮೂವತ್ತೊಂಬತ್ತರಲ್ಲೂ ಬೆಣ್ಣೆ ನುಣ್ಣಗೆ ಕೂತಿತ್ತು, ಮೇಲೆ ಒಬ್ಬೊಬ್ಬರದು ಒಂದೊಂದು ಬೆರಳ ಗುರುತು. ಕಾಯಿಸಿದ ಬೆಣ್ಣೆಯನ್ನು ಆರುವವರೆಗೆ ಬಿಡದೆ ತಿರುವಬೇಕು, ಆರಿ ನಡುವೆ ಕುಸಿದ ಮೇಲೆ ಕೊನೆಯದಾಗಿ ಒಂದು ಮುದ್ದೆ ಇಟ್ಟು ಸಮ ಮಾಡಿ ಬೆರಳೊತ್ತಬೇಕು. ಈ ಊರಿನಲ್ಲಿ ಬೆರಳೊತ್ತದೆ ಮುಚ್ಚಳ ಹಾಕುವ ಹೆಂಗಸಿಲ್ಲ. ಇದರಲ್ಲಿ ಗುರುತೇ ಇರಲಿಲ್ಲ. ನಡುವೆ ತಗ್ಗು, ಬೆಣ್ಣೆ ರವೆಯಂತೆ ತರಿತರಿ. ಯಾರೋ ಸಂಘದ ಬೆಣ್ಣೆಯನ್ನು ಮತ್ತೆ ಕರಗಿಸಿ, ತಿರುವದೆ ಹಾಗೇ ಆರಲು ಬಿಟ್ಟಿದ್ದರು.

“ಇದು ಗಂಡಸಿನ ಕೈ,” ತಿಪಾಗ್ಯಾ ಅಂದಳು. “ನಮ್ಮಲ್ಲಿ ಏಳು ವರ್ಷದ ಹುಡುಗೀನೂ ಇಷ್ಟು ಕೆಟ್ಟದಾಗಿ ಆರ್ಸಲ್ಲ.”

ಹೆಚ್ಚಿನ ತೂಕ ಎರಡು ಕಿಲೋ ಇನ್ನೂರು ಗ್ರಾಂ. ಒಳಗೆ ಕಲ್ಲಿದೆಯೋ, ಮಣ್ಣಿದೆಯೋ, ಕಬ್ಬಿಣವಿದೆಯೋ? ಮನಸ್ಸಿನಲ್ಲೇ ಒಂದೊಂದನ್ನೂ ಇಟ್ಟು ನೋಡಿದೆ. ಕಬ್ಬಿಣವಾದರೆ, ಅದು ಕೂತ ಜಾಗದ ಬೆಣ್ಣೆ ಹೊರಗೆ ಹೋಗಿರಬೇಕು, ಸುಮಾರು ಮುನ್ನೂರು ಗ್ರಾಂ. ಅದನ್ನೂ ಸೇರಿಸಿದರೆ ಕಬ್ಬಿಣದ ತೂಕ ಎರಡೂವರೆ ಕಿಲೋ.

ಎರಡು ಕಿಲೋ, ಮತ್ತೆ ಅರ್ಧ ಕಿಲೋ. ನನ್ನ ಕಣ್ಣು ತಾನಾಗಿ ಪೆಟ್ಟಿಗೆಯ ಎರಡು ಖಾಲಿ ಗುಳಿಗಳ ಕಡೆಗೆ ಹೋಯಿತು.

ಯಾರಿಗೂ ಏನೂ ಹೇಳದೆ ಗಂಜಿಯವಳ ಒಲೆಯಲ್ಲಿ ಸೈಕಲ್ಲಿನ ಕಡ್ಡಿ ಕಾಯಿಸಿ ತರಲು ಹೇಳಿದೆ. ಸುಗ್ರಿ ಬಿಸಿ ಕಡ್ಡಿಯನ್ನು ಬೆಣ್ಣೆಗೆ ಇಳಿಸಿದ. ಅರ್ಧ ಮೊಳ ಸಲೀಸಾಗಿ ಹೋಯಿತು, ಆಮೇಲೆ ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ಪಕ್ಕಕ್ಕೆ ಚುಚ್ಚಿದರೂ ಅಷ್ಟೇ.

ನಾನೇ ತೋಳು ಮಡಿಸಿ ಮೊಣಕೈವರೆಗೆ ಕೈ ಹಾಕಿದೆ. ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಹೊರಗೆಳೆದು ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ಬಿಚ್ಚಿದೆ. ಎರಡು ಕಿಲೋದ ಬಟ್ಟು, ಅರ್ಧ ಕಿಲೋದ ಬಟ್ಟು. ಒರೆಸಿ ಗುಳಿಗಳಲ್ಲಿಟ್ಟರೆ ಎರಡೂ ಮನೆಗೆ ಬಂದವರ ಹಾಗೆ ಕೂತವು.

“ಅಬುಕಾರಿದು,” ಸುಗ್ರಿ ಉಸಿರೆಳೆದುಕೊಂಡ. “ಅಂದ್ರೆ ಅವನನ್ನ ಯಾರೋ…”

ಹೆಂಗಸರಲ್ಲಿ ಒಬ್ಬಳು ಅಳಲು ಶುರುಮಾಡಿದಳು. ತೂಕದವನು ತನ್ನ ಬಟ್ಟುಗಳನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅವನನ್ನು ಮುಗಿಸಿಯೇ ಇವನ್ನು ಇಲ್ಲಿ ಅಡಗಿಸಿದ್ದಾರೆ ಎಂದು ಇನ್ನೊಬ್ಬಳು ಹೇಳಿದಳು. ಸುಗ್ರಿ ಸೀದಾ ಲಾರ್ಬಿಯ ಹತ್ತಿರ ಹೋಗಿ, ಈ ಕಾಗದದ ಇಪ್ಪತ್ತೈದರ ವಿಷಯ ಇವತ್ತಿಗಿಂತ ಮುಂಚೆ ಯಾರಿಗೆ ಗೊತ್ತಿತ್ತು ಎಂದು ಕೇಳಿದ. ಇಷ್ಟು ಕರಾರುವಾಕ್ಕಾಗಿ ತೂಕ ಕೂಡಿಸಿದವನು ಅದನ್ನು ಓದಿಯೇ ಇರಬೇಕಲ್ಲ. ಹುಡುಗ ದಡ್ಡನೇನಲ್ಲ.

ಲಾರ್ಬಿ ಕಾಗದವನ್ನು ಮತ್ತೆ ಬಿಚ್ಚಿದ. “ಒಂದೇ ಒಂದು ಪ್ರತಿ ಕೊಟ್ಟಿದ್ದೆ ಸಾರ್,” ಅಂದ. “ಹನ್ನೆರಡು ದಿನದ ಹಿಂದೆ. ತೂಕದವನಿಗೆ. ಅಬುಕಾರಿಗೇ ಕೊಟ್ಟಿದ್ದು.”

ಸುಗ್ರಿಗೆ ನಂಬಿಕೆ ಬರಲಿಲ್ಲ. ಆ ಬಕೆಟ್ಟನ್ನೇ ಕಾಲ ಹತ್ತಿರ ಇಟ್ಟುಕೊಂಡು ಹೋಗುವ ಆತುರ ಯಾಕಿತ್ತು ಎಂದು ಲಾರ್ಬಿಯ ಮೇಲೆ ಪ್ರಶ್ನೆ ಸುರಿಸತೊಡಗಿದ. ಅಂಗಳದ ಕಣ್ಣೆಲ್ಲ ಆ ಕಡೆ ತಿರುಗಿತು. ನಾನು ಮಾತ್ರ ಬಟ್ಟು ಸುತ್ತಿದ್ದ ಬಟ್ಟೆಯ ಬೆಣ್ಣೆ ಹಿಂಡುತ್ತಿದ್ದೆ. ನೀಲಿ ಬಿಳಿ ಗೆರೆಯ ನೇಯ್ಗೆ, ಅಬುಕಾರಿಯ ದೊಗಳೆ ಅಂಗಿಯ ತೋಳು. ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದೆ. ಮೊಣಕೈ ಹತ್ತಿರ ಹರಿದಲ್ಲಿ ಒಂದು ತೇಪೆ ಇತ್ತು. ಒತ್ತೊತ್ತಾಗಿ, ಅಚ್ಚುಕಟ್ಟಾಗಿ ಹೊಲಿದಿದ್ದರು.

ಹೊಲಿದ ದಾರ ಹಸಿರಾಗಿತ್ತು. ಬೆರಳಿನಲ್ಲಿ ತಿಕ್ಕಿದೆ. ನೈಲಾನ್.

ಈ ಸೀಮೆಯಲ್ಲಿ ಸಿಗದ ದಾರ. ಶುಕ್ರವಾರ ಊರಿಗೆ ಬಂದದ್ದು, ಬಂದಂದಿನಿಂದ ಇವತ್ತು ಬೆಳಗಿನವರೆಗೆ ಒಬ್ಬಳ ಮಡಿಲಲ್ಲೇ ಇದ್ದದ್ದು. ಶುಕ್ರವಾರದ ಹೊತ್ತಿಗೆ ಅಬುಕಾರಿ ಕಾಣೆಯಾಗಿ ಏಳು ದಿನವಾಗಿತ್ತು. ಅಂದರೆ ಅವನು ಕಾಣೆಯಾದ ಮೇಲೆಯೇ ಈ ತೇಪೆ ಬಿದ್ದದ್ದು. ಉಗ್ರಾಣದ ಬೀಗದ ಕೈ ಇದ್ದದ್ದೂ ಅವಳೊಬ್ಬಳ ಹತ್ತಿರ. ಬೆಳಿಗ್ಗೆ ಲಾರ್ಬಿ ಅದನ್ನೇ ಹೇಳಿದ್ದ. ಸಿಟ್ಟಿನ ಭರದಲ್ಲಿ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

ತಲೆಯೆತ್ತಿದೆ. ಲಾಮಿಸಿ ಯಾವಾಗಲೋ ಎದ್ದು ಬಂದು ನನ್ನ ಪಕ್ಕದಲ್ಲಿ ಮಂಡಿಯೂರಿದ್ದಳು. ಜಾರಿದ ವಸ್ತ್ರವನ್ನು ಈಗ ಸರಿಯಾಗಿ ತಲೆಗೆ ಸುತ್ತಿಕೊಂಡಿದ್ದಳು. ಉಳಿದ ಹೆಂಗಸರೆಲ್ಲ ಅಳುತ್ತಿದ್ದರೆ ಇವಳ ಕಣ್ಣಲ್ಲಿ ನೀರಿನ ಪಸೆಯೂ ಇರಲಿಲ್ಲ. ಬೆಳಗಿನಿಂದ ಇವಳಿಗಾಗಿ ಊರಿನವರ ಬಾಯಿಗೆಲ್ಲ ಬೀಗ ಹಾಕಿಸಿದವಳು ನಾನು. ಕುರಾನಿನ ಮೇಲಿಟ್ಟಿದ್ದ ಅದೇ ಕೈಯನ್ನು ಅವಳು ಈಗ ಬಟ್ಟೆಯ ಮೇಲಿಟ್ಟು ತೇಪೆಯನ್ನು ಮುಚ್ಚಿದಳು.

“ಅಜ್ಜಿ,” ಆಚೆಯಿಂದ ಸುಗ್ರಿ ಕೂಗಿದ, “ಆ ಬಟ್ಟೆ ಸ್ವಲ್ಪ ಕೊಡಿ ಇಲ್ಲಿ.”

ಲಾಮಿಸಿ ನನ್ನ ಕಿವಿಯ ಹತ್ತಿರ ಬಾಗಿದಳು.

“ಬಟ್ಟೆ ಕೊಡಿ ಹಾಜಿಯಾ,” ಅಂದಳು. “ತೇಪೆ ಕಿತ್ತು ಕೊಡಿ. ನೀವು ಸರಿ ಬಂದ ತೂಕಾನೇ ಎರಡು ಸಲ ನೋಡ್ತೀರಿ ಅಂತ ಗೊತ್ತಿದ್ದೇ ನಮ್ಮವರು ಇದನ್ನ ಒಳಗಿಟ್ಟದ್ದು. ಅವರು ಸತ್ತಿದ್ದಾರೆ ಅಂತಾನೇ ಎಲ್ಲರೂ ನಂಬಬೇಕು, ಇಲ್ಲದಿದ್ರೆ ಹುಡುಕ್ತಿರೋರ ಕೈಲಿ ಇವತ್ತು ನಿಜವಾಗ್ಲೂ ಸಾಯ್ತಾರೆ.”

ಸುಗ್ರಿಯ ಬೂಟಿನ ಸದ್ದು ಹತ್ತಿರವಾಯಿತು. ಬಟ್ಟೆ ನನ್ನ ಕೈಯಲ್ಲೇ ಇತ್ತು.